ಸುಮಾಳ ಕುರ್ಚಿ

ಕಳೆದ ತಿಂಗಳು ಕಡೂರಿನ ಒಂದು ಕಲ್ಯಾಣ ಮಂಟಪದಲ್ಲಿ ವಿಡಿಯೋದವನು ಮದುಮಗಳ ಮುಖಕ್ಕೆ ದೀಪ ಹಿಡಿದಾಗ, ಬಿಸಿಯಾದ ಧೂಳೂ ಮುಖದ ಪೌಡರೂ ಬೆರೆತ ಒಂದು ವಾಸನೆ ಬಂತು. ಈಗಿನ ದೀಪಗಳು ಅಷ್ಟು ಕಾಯುವುದಿಲ್ಲ. ಇವನದು ಹಳೆಯದಿರಬೇಕು. ಊಟದ ಪಂಕ್ತಿಗೆ ಹೋಗಬೇಕಾದವಳು ನಾನು ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದೆ. ಎರಡು ಬೀದಿ ದಾಟಿದರೆ ಒಬ್ಬ ಕೊಬ್ಬರಿ ವ್ಯಾಪಾರಿಯ ಅಂಗಡಿ ಇದೆ. ಅದರ ಪಕ್ಕದಿಂದ ಮಹಡಿಗೆ ಹೋಗುವ ಕಬ್ಬಿಣದ ಮೆಟ್ಟಿಲು ಹಾಗೇ ಇತ್ತು. ಮೇಲೆ ಈಗ ಟ್ಯೂಷನ್ ನಡೆಯುತ್ತದೆ. ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು. ನಾನು ಹತ್ತಲಿಲ್ಲ. ಕೆಳಗೆ ನಿಂತು ಸ್ವಲ್ಪ ಹೊತ್ತು ಕೊಬ್ಬರಿಯ ಕಮಟು ವಾಸನೆ ಹೀರಿ ವಾಪಸ್ಸಾದೆ.

ಆ ಮಹಡಿಯಲ್ಲಿ, ಅಂಥವೇ ದೀಪಗಳ ಬಿಸಿಯಲ್ಲಿ, ನಾನೊಂದು ವರ್ಷ ಕೆಲಸ ಮಾಡಿದ್ದೆ. ಎಂ.ಎ. ಮುಗಿಸಿ ಅಜ್ಜಂಪುರದ ನಮ್ಮ ಮನೆಗೆ ಮರಳಿದ್ದ ವರ್ಷ ಅದು. ಏಕೆ ಮರಳಿದೆ ಎಂಬುದು ಈ ಬರಹಕ್ಕೆ ಬೇಡದ ಸಂಗತಿ. ಮನೆಯಲ್ಲಿ ಕೂತಿರುವುದು ಆಗುತ್ತಿರಲಿಲ್ಲ. ಕಡೂರಿನ ಲೋಕಲ್ ಕೇಬಲ್ ಚಾನೆಲ್ಲಿಗೆ ಬರೆದುಕೊಡುವವರು ಬೇಕಾಗಿದ್ದಾರೆ ಎಂದು ತಿಳಿದು ಹೋದೆ. ಮಾಲೀಕ ಚಂದ್ರಣ್ಣ ಕಂಬ ಹತ್ತಿ ವೈರು ಎಳೆಯುವುದರಿಂದ ಶುರುಮಾಡಿದವರು. ನನ್ನ ಅಂಕಪಟ್ಟಿಯನ್ನು ಕಣ್ಣೆತ್ತಿಯೂ ನೋಡದೆ, "ಕೈಬರಹ ಗುಂಡಗಿದ್ಯಾ? ಸುಮಾ ಓದ್ಬೇಕು, ಅಷ್ಟೇ" ಎಂದರು.

ಸುಮಾ ಎಂದರೆ ಯಾರೆಂದು ನನಗೆ ಹೇಳಬೇಕಾಗಿರಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಯಾವ ಮನೆಯಲ್ಲೂ ಹೇಳಬೇಕಾಗಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಕಾರ್ಯಕ್ರಮ. ಮೊದಲು ಮಕ್ಕಳ ಹುಟ್ಟುಹಬ್ಬದ ಫೋಟೋಗಳು, ಆಮೇಲೆ ಫೋನ್ ಮಾಡಿದವರು ಕೇಳಿದ ಹಾಡು, ನಡುವೆ ಕರೆಂಟು ಯಾವಾಗ ಹೋಗುತ್ತದೆ, ಕೊಬ್ಬರಿ ರೇಟೆಷ್ಟು ಎಂಬ ಮಾತು, ಕೊನೆಗೆ ತೀರಿಕೊಂಡವರ ಸುದ್ದಿ. ಬಟ್ಟೆ ಅಂಗಡಿ ತೆರೆದರೆ ರಿಬ್ಬನ್ ಕತ್ತರಿಸಲು ಅವಳೇ ಬೇಕು. ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕು ಅವಳ ಕೈಯಲ್ಲೇ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ಮುಖ ನೋಡುವ ಮೊದಲೇ ಧ್ವನಿ ಹಿಡಿದು ತಿರುಗುತ್ತಿದ್ದರು.

ಅವಳ ಹೆಸರು ದಿಲ್‌ಶಾದ್ ಎಂದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೊದಲ ವಾರ, ಬಸ್ಸಿನಲ್ಲಿ. ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ನಾನು ಬೀರೂರಿನಲ್ಲಿ ಇಳಿದು ಅಜ್ಜಂಪುರದ ಬಸ್ಸು ಹಿಡಿಯುತ್ತಿದ್ದೆ, ಅವಳು ಅದೇ ಬಸ್ಸಿನಲ್ಲಿ ತರೀಕೆರೆಗೆ ಹೋಗುತ್ತಿದ್ದಳು. ಆಷಾಢದ ಗಾಳಿ. ಕಿಟಕಿಯ ಗಾಜು ಬಡಿದುಕೊಳ್ಳುತ್ತಿತ್ತು. ಅವಳಿಗೆ ಫೋನ್ ಬಂತು. ಆ ಕಡೆಯ ದನಿ ಜೋರು. "ದಿಲ್ಲೂ, ಕಹಾಂ ಹೈ ಗೇ?" ಎಂದು, ಎಲ್ಲಿದ್ದೀಯೇ ಎಂದು ವಿಚಾರಿಸಿದ್ದು ನನಗೂ ಕೇಳಿಸಿತು. ಅವಳು ಮಾತು ಮುಗಿಸಿ ನನ್ನತ್ತ ನೋಡಿ ನಕ್ಕಳು.

"ನಮ್ಮಮ್ಮಿ. ನಾನು ದಿಲ್‌ಶಾದ್ ಕಣೇ. ಚಂದ್ರಣ್ಣ ಹೇಳ್ಲಿಲ್ವಾ?"

"ಇಲ್ಲ ಅಕ್ಕ."

"ಅವರಿಗೂ ಮರ್ತೋಗಿರುತ್ತೆ ಬಿಡು."

ಸುಮಾ ನಿಜವಾಗಿಯೂ ಇದ್ದಳು. ದಿಲ್‌ಶಾದ್‌ಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದ ಹುಡುಗಿ. ಆಗ ಕ್ಯಾಮೆರಾ ಇರಲಿಲ್ಲ. ಪರದೆಯ ಮೇಲೆ ಹಾಡಿನ ಚಿತ್ರ, ಹಿಂದಿನಿಂದ ಧ್ವನಿ ಮಾತ್ರ. ಆ ಸುಮಾ ಮದುವೆಯಾಗಿ ದಾವಣಗೆರೆಗೆ ಹೋದಳು. ಪಿಯುಸಿ ಮುಗಿಸಿದ್ದ ದಿಲ್‌ಶಾದ್ ಬಂದು ಕೂತಳು. ಮೊದಲ ದಿನದ ಮೊದಲ ಫೋನು ಲಿಂಗದಹಳ್ಳಿಯ ಗೌರಮ್ಮಜ್ಜಿಯದು.

"ಸುಮಾನೇನವ್ವ? ಯಾಕೋ ದನಿ ಬದಲಾಗೈತಲ್ಲ, ನೆಗಡೀನಾ?"

ಅಷ್ಟು ದೊಡ್ಡವರಿಗೆ, ಮೂರು ತಾಲ್ಲೂಕು ಕೇಳುತ್ತಿರುವಾಗ, ಅಲ್ಲ ಎನ್ನುವುದು ಹೇಗೆ? ಭಯಕ್ಕೆ ಗಂಟಲೂ ಕಟ್ಟಿತ್ತು. "ಹೌದಜ್ಜಿ, ನೆಗಡಿ" ಎಂದುಬಿಟ್ಟಳು. ಅಜ್ಜಿ ಶುಂಠಿ ಮೆಣಸಿನ ಕಷಾಯ ಮಾಡುವುದನ್ನು ನೇರಪ್ರಸಾರದಲ್ಲೇ ಹೇಳಿಕೊಟ್ಟರು. ಮರುದಿನ ಮತ್ತೆ ಫೋನ್ ಮಾಡಿ, "ವಾಸಿಯಾಯ್ತೇನವ್ವ?" ಎಂದು ಕೇಳಿದರು. ವಾಸಿಯಾಗಲಿಲ್ಲ ಎಂದರೆ ಅಜ್ಜಿ ನೊಂದುಕೊಳ್ಳುತ್ತಾರೆ. ವಾಸಿಯಾಯಿತು ಎಂದಳು. ಚಂದ್ರಣ್ಣ, "ಒಂದ್ ವಾರ ಹಿಂಗೇ ಹೋಗ್ಲಿ, ಆಮೇಲೆ ನಿಧಾನಕ್ಕೆ ಹೇಳಣ" ಎಂದರು. ಆ ವಾರ ಮುಗಿಯಲೇ ಇಲ್ಲ. ಕ್ಯಾಮೆರಾ ಬಂದಾಗ, ಧ್ವನಿಗೆ ಅಂಟಿದ್ದ ಹೆಸರು ಮುಖಕ್ಕೂ ಅಂಟಿತು. ತರೀಕೆರೆಯ ಅವಳ ಬೀದಿಯವರಿಗೆ ಎಲ್ಲ ಗೊತ್ತಿತ್ತು. "ಏನ್ ಸುಮಾ ಮೇಡಂ, ಹಾಲು ತರೋಕೆ ಹೊಂಟ್ರಾ?" ಎಂದು ಹುಡುಗರು ರೇಗಿಸುತ್ತಿದ್ದರು. ಬೀದಿ ದಾಟಿದರೆ ಅವಳು ಸುಮಾ.

ನನ್ನ ಕೆಲಸ ಎರಡು. ಅವಳು ಓದಬೇಕಾದ್ದನ್ನು ಬರೆಯುವುದು, ಬಂದ ಫೋನುಗಳನ್ನು ಎತ್ತಿ ಸಾಲಿನಲ್ಲಿ ಬಿಡುವುದು. ನಾನು ಬರೆದುಕೊಟ್ಟ ಮಾತುಗಳನ್ನು ಅವಳು ತನಗೆ ಬೇಕಾದ ಹಾಗೆ ಮುರಿದುಕೊಳ್ಳುತ್ತಿದ್ದಳು. 'ಶುಭಾಶಯಗಳನ್ನು ಕೋರುತ್ತೇವೆ' ಎಂದು ಬರೆದರೆ, "ಏ ಪುಟ್ಟಾ, ಕೇಕ್ ನಂಗೂ ಇಟ್ಟಿರು" ಎನ್ನುತ್ತಿದ್ದಳು. ಸತ್ತವರ ಸುದ್ದಿಯಲ್ಲಿ ಮಾತ್ರ ನನ್ನ ಒಂದಕ್ಷರವನ್ನೂ ಬದಲಿಸುತ್ತಿರಲಿಲ್ಲ. ಅದಕ್ಕೆ ಅವಳದೊಂದು ಕ್ರಮವಿತ್ತು. ಚಂದ್ರಣ್ಣನಿಗೆ ಫ್ಯಾನು ಆರಿಸಲು ಸನ್ನೆ ಮಾಡುವಳು, ಕಾಗದ ಪಟಪಟ ಅನ್ನಬಾರದು ಎಂದು. ಮೇಜಿನ ಕೆಳಗೆ ಚಪ್ಪಲಿ ಬಿಡುವಳು. ಮಕ್ಕಳ ಹೆಸರು ಹೇಳುವಾಗ ಕ್ಯಾಮೆರಾವನ್ನೇ ನೋಡುತ್ತಿದ್ದವಳು ಆಗ ತಲೆ ತಗ್ಗಿಸಿ ಕಾಗದವನ್ನು ನೋಡಿಯೇ ಓದುವಳು.

ಯಾಕೆ ಎಂದು ಒಮ್ಮೆ ಕೇಳಿದೆ.

"ಮಕ್ಕಳು ಎದುರಿಗಿರ್ತವೆ. ಸತ್ತೋರು ಎದುರಿಗಿರಲ್ಲ. ಯಾರನ್ನ ನೋಡ್ಲಿ?" ಎಂದಳು.

ಶ್ರಾವಣದಲ್ಲಿ ಒಂದು ಭಾನುವಾರ ಅವಳ ಮನೆಗೆ ಹೋದೆ. ಕಡೂರಿನಲ್ಲಿ ಬಿಸಿಲು, ತರೀಕೆರೆಯಲ್ಲಿ ಬಸ್ಸಿಳಿದರೆ ಜಿಟಿಜಿಟಿ ಮಳೆ. ಅವಳ ತಾಯಿ ಜೈಬುನ್‌ಬೀ ಬ್ಲೌಸ್ ಹೊಲಿಯುವುದರಲ್ಲಿ ಹೆಸರಾದವರು. ಗಂಡ ಬೇಗ ಹೋದ ಮೇಲೆ ಹೊಲಿಗೆ ಮಿಷನ್ನಿನ ಮೇಲೇ ಮಗಳನ್ನು ಬೆಳೆಸಿದವರು. ಸುತ್ತಲಿನ ಹಳ್ಳಿಗಳಿಂದ ಸಂತೆಗೆ ಬರುವ ಹೆಂಗಸರು ಬಟ್ಟೆ ಕೊಟ್ಟು ಹೋಗಿ ಮುಂದಿನ ಸಂತೆಗೆ ಒಯ್ಯುತ್ತಿದ್ದರು. ಅವರ ಮಿಷನ್ ಟೀವಿಗೆ ಎದುರಾಗಿತ್ತು. ಮಗಳ ಕಾರ್ಯಕ್ರಮದ ಹೊತ್ತಿಗೆ ಕಾಲು ನಿಲ್ಲಿಸುತ್ತಿದ್ದರಂತೆ.

"ದಿನಾ ನೋಡ್ತೀರಾ ಅಮ್ಮಿ?" ಎಂದೆ.

"ನೋಡ್ದೆ ಇರ್ತೀನಾ? ಚೆನ್ನಾಗಿ ಮಾತಾಡ್ತಾಳೆ ಆ ಸುಮಾ." ಅವರು ದಾರ ಕಚ್ಚಿ ತುಂಡರಿಸಿದರು. "ನಾನು ಹೆತ್ತಿದ್ದು ದಿಲ್‌ಶಾದ್‌ನ. ಈ ಸುಮಾನ ಯಾವ್ ಪುಣ್ಯಾತ್ಗಿತ್ತಿ ಹೆತ್ಲೋ, ಆ ತಾಯಿಗೆಷ್ಟು ಖುಷಿನೋ ಪಾಪ."

"ಅಮ್ಮೀ…" ಎಂದಳು ದಿಲ್‌ಶಾದ್ ಅಡುಗೆಮನೆಯಿಂದ.

"ತಮಾಷೆ ಮಾಡ್ದೆ ಗೇ." ಆಮೇಲೆ ನನ್ನ ಕಡೆಗೆ ಬಾಗಿ, ತಮಾಷೆಯಿಲ್ಲದ ದನಿಯಲ್ಲಿ ಹೇಳಿದರು. "ನೀನು ಬರ್ಕೊಡ್ತೀಯಂತಲ್ಲ ಬೇಟಿ. ಒಂದೇ ಒಂದ್ ಸಲ ಅವಳ ಬಾಯಲ್ಲಿ ಅವಳ ಹೆಸ್ರು ಬರಂಗೆ ಬರ್ದ್ಕೊಡು. ಆ ಹೆಸ್ರು ಅವರಪ್ಪ ಇಟ್ಟಿದ್ದು. ಸಂತೋಷದ ಹೃದಯ ಅಂತ ಅದಕ್ಕೆ. ಟೀವೀಲಿ ಕೇಳ್ಬೇಕು ನಾನು."

ನಾನು ಆಗಲಿ ಎಂದೆ. ಅದು ನನ್ನ ಕೈಯಲ್ಲಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ನವರಾತ್ರಿಯ ಹೊತ್ತಿಗೆ ಅಮ್ಮಿಯ ಕಾಲು ಊದಿಕೊಂಡು ಮಿಷನ್ ತುಳಿಯುವುದು ನಿಂತಿತು. ಶಿವಮೊಗ್ಗದ ಡಾಕ್ಟರು ಹೃದಯ ದಣಿದಿದೆ ಎಂದರು. ಮಾತ್ರೆ, ಉಪ್ಪಿಲ್ಲದ ಊಟ, ಟೀವಿಯ ಎದುರಿಗೆ ಮಂಚ. ದಿಲ್‌ಶಾದ್ ಕೆಲಸ ಬಿಡಲಿಲ್ಲ. ಸಂಜೆ ತಾನು ಪರದೆಯ ಮೇಲಿದ್ದರೆ ಅಮ್ಮಿ ಎದ್ದು ಕೂರುತ್ತಾರೆ, ಅದೊಂದೇ ಹೊತ್ತು ಎಂದಳು.

ಅದೇ ದಿನಗಳಲ್ಲಿ ಒಂದು ಸಂಜೆ ಅಜ್ಜಂಪುರದಿಂದ ಹುಟ್ಟುಹಬ್ಬದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಚುರುಕಾದ ಮಗು. "ಆಂಟಿ, ನನ್ ಹೆಸ್ರು ಪೂರ್ತಿ ಹೇಳಿದ್ರಿ, ಇನಿಶಿಯಲ್ ಸಮೇತ. ನಿಮ್ ಪೂರ್ತಿ ಹೆಸ್ರೇನು?" ಎಂದು ಕೇಳಿತು. ನಾನು ಫೋನಿದ್ದ ಕೋಣೆಯ ಗಾಜಿನ ಈಚೆಯಿಂದ ನೋಡುತ್ತಿದ್ದೆ. ದಿಲ್‌ಶಾದಳ ತುಟಿ ತೆರೆಯಿತು. ಚಂದ್ರಣ್ಣ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದರು.

"ನೀನೇ ಒಂದು ಇಡು ನೋಡಣ, ಚೆನ್ನಾಗಿರೋದು" ಎಂದು ನಕ್ಕು ಹಾಡು ಹಾಕಿಸಿದಳು.

ಬಸ್ಸಿನಲ್ಲಿ ಬೀರೂರು ಹತ್ತಿರವಾದಾಗ ಅವಳೇ ಮಾತು ತೆಗೆದಳು. "ಅಮ್ಮಿ ನೋಡ್ತಿದ್ಲು. ಹೇಳ್ಬೋದಿತ್ತು ಕಣೇ. ಬಾಯಿಗೆ ಬಂದಿತ್ತು."

"ಚಂದ್ರಣ್ಣಂಗೆ ಹೆದ್ರಿಕೊಂಡ್ರಾ?"

"ಥೂ, ಅವರಿಗ್ಯಾಕೆ ಹೆದ್ರಲಿ. ಗೌರಮ್ಮಜ್ಜಿ ನೆನಪಾದ್ರು. ಇಷ್ಟ್ ವರ್ಷ ಮಾತಾಡ್ಸಿದೀನಿ. ಕಣ್ಣು ಮಂಜಾಗಿದೆ ಅವರಿಗೆ, ಟೀವಿ ಕೇಳೋದಷ್ಟೇ. ನೆಗಡಿ ಅಂತ ಸುಳ್ಳು ಹೇಳಿದ್ನಲ್ಲ. ಒಂದೇ ಸಲ ಬೇರೆ ಯಾರೋ ಆಗ್ಬಿಟ್ರೆ ಆ ಜೀವಕ್ಕೆ ಹೆಂಗಾಗುತ್ತೆ?"

ಮರುದಿನ ಅವಳು ಚಂದ್ರಣ್ಣನನ್ನು ನೇರವಾಗಿ ಕೇಳಿದಳು. ಅವರು ಸಿಟ್ಟಾಗಲಿಲ್ಲ. ಟೀ ತರಿಸಿದರು. ಅದೇ ಅವರ ಬೇಡವೆನ್ನುವ ಬಗೆ.

"ನೋಡಮ್ಮ, ಹೆಸ್ರು ನಿಂದು, ಬಾಯಿ ನಿಂದು. ನಾನ್ಯಾರು? ಆದ್ರೆ ಇರೋ ಕನೆಕ್ಷನ್ನೂ ಹಣ್ಣೆಲೆ ಉದುರ್ದಂಗೆ ಉದುರ್ತಾವೆ. ಎಲ್ರ ಕೈಲೂ ಮೊಬೈಲು. ಈಗ ನಮ್ಮನ್ನ ನೋಡೋರು ಅಂದ್ರೆ ಅಜ್ಜ ಅಜ್ಜೀರು. ಅವರು ಸುಮಾನ ನೋಡ್ತಾರೆ, ಚಾನೆಲ್ ನೋಡಲ್ಲ. ಇಷ್ಟ್ ದಿನ ಸುಳ್ಳು ಹೇಳಿದ್ರಾ ಅಂತ ಒಬ್ಬ ಕೇಳಿದ್ರೆ ನಾನೇನ್ ಹೇಳ್ಲಿ?"

"ನೆಗಡಿ ಇತ್ತು ಅನ್ನಿ" ಎಂದಳು ದಿಲ್‌ಶಾದ್.

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮೆತ್ತಗಾದರು. ಯುಗಾದಿಗೆ ಚಾನೆಲ್ ಶುರುವಾದ ದಿನ ಬರುತ್ತದೆ, ಅಂದು ವಿಶೇಷ ಕಾರ್ಯಕ್ರಮ ಮಾಡೋಣ ಎಂದರು. ಅದರಲ್ಲಿ ತಾವೇ ಎಲ್ಲರಿಗೂ ತಿಳಿಸಿ ಹೇಳುವುದಾಗಿ ಒಪ್ಪಿದರು.

"ನೀವ್ ಹೇಳೋದಲ್ಲಣ್ಣ. ನಾನ್ ಹೇಳ್ಬೇಕು. ಅಮ್ಮಿ ಕೇಳ್ಬೇಕು."

"ಆಯ್ತಮ್ಮ, ನೀನೇ ಹೇಳು. ಯುಗಾದಿಗೆ."

ಅದನ್ನು ತಿಳಿದು ಅಮ್ಮಿ, "ಒಬ್ಬಟ್ಟು ತಿನ್ನೋ ತನ್ಕ ಇರ್ಬೇಕು ಅನ್ನು" ಎಂದರಂತೆ. ನಾನು ಆ ದಿನಕ್ಕೆಂದು ನಾಲ್ಕು ಸಾಲು ಬರೆದೆ. ಅದು ಚೆನ್ನಾಗಿ ಬರಲಿಲ್ಲ. ತಿದ್ದಿದಷ್ಟೂ ಭಾಷಣವಾಗುತ್ತಿತ್ತು. ಕೊನೆಗೆ ದಿಲ್‌ಶಾದ್, "ನಮಸ್ಕಾರ, ನಾನು ದಿಲ್‌ಶಾದ್ ಅಂತ ಇದ್ರೆ ಸಾಕು. ಮಿಕ್ಕಿದ್ದು ಬಾಯಿಗೆ ಬಂದಂಗೆ" ಎಂದಳು.

ಆ ವರ್ಷ ಚಳಿ ಶಿವರಾತ್ರಿಯವರೆಗೂ ಬಿಡಲಿಲ್ಲ. ಒಂದು ಬೆಳಿಗ್ಗೆ ಚಂದ್ರಣ್ಣ ಫೋನ್ ಮಾಡಿದರು. ಜೈಬುನ್‌ಬೀ ಹೋಗಿದ್ದರು. ನಾನು ತರೀಕೆರೆ ತಲುಪುವಷ್ಟರಲ್ಲಿ ಮನೆ ತುಂಬ ಹೆಂಗಸರು. ಮಿಷನ್ನಿನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಟೀವಿಯನ್ನು ಗೋಡೆಯ ಕಡೆಗೆ ತಿರುಗಿಸಿದ್ದರು. ಮಧ್ಯಾಹ್ನ ಗಂಡಸರು ಹೊತ್ತು ನಡೆದಾಗ ದಿಲ್‌ಶಾದ್ ಹೊಸ್ತಿಲವರೆಗೂ ಬಂದು ನಿಂತಳು. ಯುಗಾದಿಗೆ ಇನ್ನೂ ಕೆಲವು ವಾರಗಳಿದ್ದವು.

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆರೆಯವರು ತರುತ್ತಾರೆ. ಯಾರೋ ತಂದಿಟ್ಟ ತಟ್ಟೆ ಅವಳ ಪಕ್ಕದಲ್ಲಿ ಹಾಗೇ ಆರುತ್ತಿತ್ತು. "ತಿನ್ನಿ ಅಕ್ಕ" ಎಂದು ನಾನೂ ಹೇಳಿದೆ. ಅವಳು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.

ಮರುದಿನ ಸಂಜೆ ಕಬ್ಬಿಣದ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿ ನಾನೂ ಚಂದ್ರಣ್ಣನೂ ಮುಖ ನೋಡಿಕೊಂಡೆವು.

"ಯಾಕಮ್ಮ ಬಂದೆ? ಫೋಟೋ ಹಾಕ್ತೀವಿ, ಈ ಹುಡ್ಗಿ ಓದ್ತಾಳೆ" ಎಂದರು ಚಂದ್ರಣ್ಣ.

"ನಮ್ ಚಿಕ್ಕಮ್ಮನೂ ಬೈದ್ರು. ಮೂರ್ ದಿನ ಆಗಿಲ್ಲ, ಟೀವಿಗೆ ಹೋಗ್ತೀಯಾ ಅಂತ. ಆದ್ರೆ ಅಣ್ಣ, ಅಮ್ಮಿ ಹತ್ರ ಬಟ್ಟೆ ಹೊಲಿಸ್ಕೊಂಡೋರೆಲ್ಲ ನೋಡೋದು ಇದನ್ನೇ. ಊರೋರ ಸಾವೆಲ್ಲ ನಾನ್ ಓದಿದೀನಿ. ಅಮ್ಮಿದು ಬೇರೆ ಯಾರೋ ಓದೋದಾ?"

ಅವಳು ನನ್ನ ಕಡೆ ತಿರುಗಿದಳು. "ಎಲ್ರಿಗೂ ಹೆಂಗ್ ಬರಿತೀಯೋ ಹಂಗೇ ಬರಿ. ಜಾಸ್ತಿ ಬೇಡ."

ಹಾಗೆಯೇ ಬರೆದೆ. ತರೀಕೆರೆಯ ಜೈಬುನ್‌ಬೀ ಅವರು ನಿನ್ನೆ ಬೆಳಿಗ್ಗೆ ನಿಧನರಾದರು. ಅವರು ಹಲವು ವರ್ಷಗಳಿಂದ ಹೊಲಿಗೆ ವೃತ್ತಿಯಲ್ಲಿದ್ದರು. ಮಗಳು ದಿಲ್‌ಶಾದ್ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಮೂರನೆಯ ದಿನದ ಪ್ರಾರ್ಥನೆ ನಾಳೆ ಬೆಳಿಗ್ಗೆ ನಡೆಯಲಿದೆ. ಬರೆದು ಮುಗಿಸುವಾಗ, ಶ್ರಾವಣದಲ್ಲಿ ಅಮ್ಮಿ ನನ್ನನ್ನು ಕೇಳಿದ್ದು ನೆನಪಾಯಿತು. ಬೇರೆ ದಾರಿಯಿರಲಿಲ್ಲ. ಮಗಳ ಹೆಸರಿಲ್ಲದೆ ಆ ಸುದ್ದಿ ಬರೆಯಲು ಆಗುವುದಿಲ್ಲ.

ಆ ಸಂಜೆ ಅವಳು ಎಂದಿನಂತೆ ಮಕ್ಕಳೊಡನೆ ನಕ್ಕಳು. ಹಾಡು ಹಾಕಿಸಿದಳು. ಕೊಬ್ಬರಿ ರೇಟು ಹೇಳಿದಳು. ಫ್ಯಾನಿಗೆ ಸನ್ನೆ ಮಾಡಿದಳು. ರೆಕ್ಕೆಗಳು ನಿಲ್ಲುವವರೆಗೆ ಕಾದಳು. ಮೇಜಿನ ಕೆಳಗೆ ಚಪ್ಪಲಿ ಬಿಟ್ಟಳು. ಪರದೆಯ ಮೂಲೆಯಲ್ಲಿ ಅಮ್ಮಿಯ ಫೋಟೋ ಬಂತು, ತಲೆಯ ಮೇಲೆ ಸೆರಗು, ಕುತ್ತಿಗೆಯಲ್ಲಿ ಅಳತೆಯ ಟೇಪು. ಅವಳು ತಲೆ ತಗ್ಗಿಸಿ ಓದತೊಡಗಿದಳು. ಧ್ವನಿ ಒಡೆಯಲಿಲ್ಲ. 'ಮಗಳು' ಎಂಬಲ್ಲಿಗೆ ಬಂದಾಗ ಕಾಗದದಿಂದ ಕಣ್ಣೆತ್ತಿದಳು. ಮಕ್ಕಳ ಹೆಸರು ಹೇಳುವಾಗ ನೋಡುವ ಹಾಗೆ ಕ್ಯಾಮೆರಾವನ್ನು ನೋಡಿ, "ದಿಲ್‌ಶಾದ್" ಎಂದಳು. ಮತ್ತೆ ತಲೆ ತಗ್ಗಿಸಿ ಉಳಿದದ್ದನ್ನು ಓದಿ ಮುಗಿಸಿದಳು.

ದೀಪಗಳು ಆರಿದವು. ಚಂದ್ರಣ್ಣ ಕ್ಯಾಮೆರಾದ ಮೇಲೆ ಟವೆಲ್ ಹೊದಿಸುತ್ತ, "ಯುಗಾದೀಲಿ ಎಲ್ಲಾ ಸರಿಯಾಗಿ ಹೇಳಣಮ್ಮ. ದೊಡ್ಡದಾಗಿ ಮಾಡಣ" ಎಂದರು.

"ಬೇಡ ಅಣ್ಣ. ಕೇಳೋಳಿಲ್ಲ ಈಗ" ಎಂದಳು.

ಆಗ ಫೋನ್ ಬಡಿದುಕೊಂಡಿತು. ಕಾರ್ಯಕ್ರಮ ಮುಗಿದ ಮೇಲೆ ಯಾರೂ ಮಾಡುತ್ತಿರಲಿಲ್ಲ. ನಾನು ಎತ್ತಿದೆ. ಗೌರಮ್ಮಜ್ಜಿ. "ಸುಮಂಗೆ ಕೊಡವ್ವ" ಎಂದರು. ಅವಳು ಬಂದು ತೆಗೆದುಕೊಂಡಳು. ಅಜ್ಜಿಗೆ ಈಚೆಗೆ ಕಿವಿಯೂ ಸ್ವಲ್ಪ ಮಂದ, ಆದ್ದರಿಂದ ಮಾತು ಜೋರು. ಎಲ್ಲವೂ ನನಗೆ ಕೇಳಿಸುತ್ತಿತ್ತು.

"ಅಯ್ಯೋ ಸುಮಾ, ಜೈಬುನ್ ಹೋಗ್ಬಿಟ್ಳಾ? ನನ್ ಮಗಳ ಮದ್ವೆ ಕುಪ್ಪಸ ಅಷ್ಟೂ ಅವಳೇ ಹೊಲ್ದಿದ್ದು ಕಣೆ. ಹೋದಾಗೆಲ್ಲ ಬೆಲ್ಲ ನೀರು ಕೊಡೋಳು. ಒಂದು ಸಣ್ಣ ಹೆಣ್ಣುಮಗ ಇತ್ತು. ಮಿಷನ್ ಕೆಳಗೆ ಕೂತು ಬಟ್ಟೆ ಚೂರು ಆರಿಸ್ಕೊಂಡಿರದು. ಅದೇ ಇರ್ಬೇಕು ನೀನು ಹೇಳಿದ್ದು, ದಿಲ್‌ಶಾದು."

"ಹೂಂ ಅಜ್ಜಿ, ಅದೇ."

"ಆ ಮಗೀಗೆ ಇನ್ಯಾರೂ ಇಲ್ವಲ್ಲೇ. ಪಾಪ, ಏನೂ ತಿಂದಿರಕಿಲ್ಲ. ನೀನು ಆ ಕಡೆಯೆಲ್ಲ ಓಡಾಡ್ತೀಯ. ನಿಂಗೇನಾರ ಸಿಕ್ರೆ ಹೇಳವ್ವ, ಲಿಂಗದಹಳ್ಳಿ ಅಜ್ಜಿ ಹೇಳೈತೆ, ಊಟ ಮಾಡ್ಬೇಕಂತೆ ಅಂತ. ಹೇಳ್ತೀಯಾ?"

ದಿಲ್‌ಶಾದ್ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈಗಲಾದರೂ ಹೇಳುತ್ತಾಳೆ ಎಂದು ನಾನು ಅಂದುಕೊಂಡೆ.

"ಹೇಳ್ತೀನಜ್ಜಿ" ಎಂದಳು.

"ನಿಂದು ಊಟ ಆಯ್ತಾ?"

"ಆಯ್ತಜ್ಜಿ."

ಬೀರೂರಿನಲ್ಲಿ ನಾನು ಇಳಿಯಬೇಕಿತ್ತು, ಇಳಿಯಲಿಲ್ಲ. ತರೀಕೆರೆಯವರೆಗೂ ಅವಳ ಜೊತೆ ಹೋದೆ. ದಾರಿಯಲ್ಲಿ ನನ್ನ ಬ್ಯಾಗಿನಿಂದ ಡಬ್ಬಿ ತೆಗೆದು ಅವಳ ತೊಡೆಯ ಮೇಲಿಟ್ಟೆ. ಬೆಳಗಿನ ಚಿತ್ರಾನ್ನ ಒಣಗಿತ್ತು. ಅವಳು ಕಿಟಕಿಯ ಕಡೆ ತಿರುಗಿ ಅಷ್ಟನ್ನೂ ತಿಂದಳು.

ಯುಗಾದಿಗೆ ವಿಶೇಷ ಕಾರ್ಯಕ್ರಮವೇನೂ ಆಗಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಚಂದ್ರಣ್ಣ ಚಾನೆಲ್ಲನ್ನು ಮುಚ್ಚಿದರು. ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು. ದಿಲ್‌ಶಾದ್ ಈಗ ಅಮ್ಮಿಯ ಮಿಷನ್ ಮೇಲೆ ಕೂರುತ್ತಾಳೆ. ಅಳತೆ ಕೊಡಲು ಬಂದವರು ಅವಳ ಮಾತು ಕೇಳಿ ಒಮ್ಮೆ ಮುಖ ನೋಡುತ್ತಾರಂತೆ. ಅವಳು ಟೇಪು ಹಿಡಿದು, "ಕೈ ಎತ್ತಿ" ಎನ್ನುತ್ತಾಳಂತೆ.

ಮುಚ್ಚುವ ಮೊದಲು ಗೌರಮ್ಮಜ್ಜಿ ಎಷ್ಟೋ ಸಲ ಫೋನ್ ಮಾಡಿದ್ದರು. ಆ ಸಂಜೆಯ ನಂತರದ ಮೊದಲ ಫೋನು ಮಾತ್ರ ನನಗೆ ಮಾತು ಮಾತಾಗಿ ನೆನಪಿದೆ. ಅಜ್ಜಿ ಹಾಡು ಕೇಳುವ ಮೊದಲು ಕೇಳಿದ್ದು ಅದನ್ನೇ.

"ಸುಮಾ, ಆ ಹುಡ್ಗಿ ಸಿಕ್ಕಿತ್ತೇನೇ?"

ದಿಲ್‌ಶಾದ್ ಕ್ಯಾಮೆರಾವನ್ನು ನೋಡುತ್ತಿದ್ದಳು.

"ಸಿಕ್ಕಿದ್ಲು ಅಜ್ಜಿ. ಹೇಳ್ದೆ. ಊಟ ಮಾಡಿದ್ಲು."